ದೈಫಲ್ಲಾ ಕುಡಿಯದೆ ಇಟ್ಟ ಕಾಫಿ

ದೈಫಲ್ಲಾ ಮೊದಲು ಸಾಲ್ಟ್ ಊರಿನ ಮನೆಗಳಿಗೆ ನೀರಿನ ಕೊಳಾಯಿ ಕೂರಿಸುತ್ತಿದ್ದವನು. ಬೆಟ್ಟದ ಮೇಲೆ ಬೆಳಕಿನ ಯಂತ್ರ ಬಂದಾಗ ಅಲ್ಲಿನ ಕೊಳವೆಗಳ ಕೆಲಸಕ್ಕೆ ಸೇರಿದ. ಆ ಕೊಳವೆಯಲ್ಲಿ ನೀರಿಲ್ಲ, ಗಾಳಿಯೂ ಇಲ್ಲ. ಒಳಗೆ ಏನೂ ಸೇರದಂತೆ ನೋಡಿಕೊಳ್ಳುವುದೇ ಅವನ ಕೆಲಸ.

"ನಮ್ಮನೆಯವರು ಖಾಲಿ ಕೊಳವೆ ಕಾಯೋಕೆ ಹೋಗ್ತಾರೆ, ಬರುವಾಗ ಸುಸ್ತು ಹೊತ್ಕೊಂಡು ಬರ್ತಾರೆ" ಎಂದು ಹೆಂಡತಿ ಇಂತಿಸಾರ್ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. 

ನನ್ನ ಯಜಮಾನರು ತೀರಿಹೋದ ಮೇಲೆ ನಾನು ಆ ಬೆಟ್ಟದ ಅತಿಥಿಗೃಹದಲ್ಲಿ ಅಡುಗೆಗೆ ಇದ್ದೆ. ಊಟ ಬಡಿಸುವಾಗ ಕೇಳಿ ಕೇಳಿ ನನಗೂ ಅಷ್ಟಿಷ್ಟು ತಿಳಿಯಿತು. ಆ ಯಂತ್ರವೆಂದರೆ ದೊಡ್ಡ ಉಂಗುರದಂಥ ಕೊಳವೆ. ಅದರೊಳಗೆ ಎಲೆಕ್ಟ್ರಾನ್ ಎಂಬ ಕಣಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಓಡಿಸುತ್ತಾರೆ. ನೆಟ್ಟಗೆ ಹೋಗಬೇಕೆನ್ನುವ ಅವನ್ನು ಅಯಸ್ಕಾಂತಗಳು ಹಿಡಿದು ಬಗ್ಗಿಸುತ್ತವೆ. ಬಗ್ಗಿದ ಕಡೆಯೆಲ್ಲ, ವೇಗದ ಗಾಡಿ ತಿರುವಿನಲ್ಲಿ ಕೆಸರು ಹಾರಿಸಿದ ಹಾಗೆ, ಅವು ಬೆಳಕು ಚೆಲ್ಲುತ್ತವೆ. ಬಹುಪಾಲು ಕಣ್ಣಿಗೆ ಕಾಣದ ಬೆಳಕು, ಆದರೆ ಬಹಳ ಹರಿತ. ಉಂಗುರದ ಸುತ್ತ ಅದನ್ನು ಹೊರಬಿಡುವ ಕಿಂಡಿಗಳಿವೆ. ಹಗೆಯಿಂದ ಒಬ್ಬರ ಮುಖ ಒಬ್ಬರು ನೋಡದ ದೇಶಗಳವರೂ ಅಲ್ಲಿ ತಮಗೆ ಗೊತ್ತುಮಾಡಿದ ದಿನಗಳ ಸರದಿಗೆ ಕಾಯುತ್ತಾರೆ. ಮೂಳೆ, ಮಣ್ಣು, ಔಷಧಿ, ಏನು ಇಟ್ಟರೂ ಅದರೊಳಗೆ ಯಾವುದು ಎಲ್ಲಿ ಸೇರಿದೆ ಎಂದು ಆ ಬೆಳಕು ತೋರಿಸಿಕೊಡುತ್ತದೆ. ಕೊಳವೆಗೆ ಚೂರು ಗಾಳಿ ನುಗ್ಗಿದರೆ ಮಾತ್ರ ಕಣಗಳು ಅದಕ್ಕೆ ಡಿಕ್ಕಿ ಹೊಡೆದು ಚೆದುರಿಹೋಗುತ್ತವೆ, ಬೆಳಕು ನಿಲ್ಲುತ್ತದೆ.

ಆ ವರ್ಷ ಹೆಬ್ರಾನ್ ಕಡೆಯಿಂದ ನಿದಾ ಎಂಬ ಹುಡುಗಿ ಮಕ್ಕಳ ಹಾಲುಹಲ್ಲುಗಳನ್ನು ತಂದಿದ್ದಳು. ಅವಳ ಊರ ಪಕ್ಕ ಹಳೆಯ ತಂತಿ ಸುಟ್ಟು ತಾಮ್ರ ತೆಗೆಯುತ್ತಾರೆ. ಆ ಹೊಗೆಯ ಸೀಸದ ವಿಷ ಮಕ್ಕಳ ಮೈಗೆ ಯಾವ ವಯಸ್ಸಿನಲ್ಲಿ ಸೇರಿತು ಎಂಬುದು ಹಲ್ಲಿನ ಪದರದಲ್ಲಿ ಉಳಿದಿರುತ್ತದಂತೆ. ನಮ್ಮಲ್ಲಿ ಬಿದ್ದ ಹಲ್ಲನ್ನು ಸೂರ್ಯನತ್ತ ಎಸೆದು ಜಿಂಕೆಯ ಹಲ್ಲು ಕೊಡೆಂದು ಕೇಳುವುದು ರೂಢಿ. ಹಾಗಾಗಿ ಮಕ್ಕಳಿಂದ ಹಲ್ಲು ಪಡೆಯಲು ಅವಳು ಮನೆಮನೆ ಅಲೆದಿದ್ದಳು. ಸೀಳಿ ಅರ್ಧ ವಾಪಸ್ ಕೊಡುತ್ತೇನೆಂದಾಗ ಒಂದು ಮಗು, ಸೂರ್ಯ ಅರ್ಧ ಹಲ್ಲೇ ಕೊಟ್ಟರೆ ಏನು ಮಾಡಲಿ ಎಂದು ಕೇಳಿತಂತೆ.

ಅವಳ ಸರದಿ ಶುರುವಾದ ದಿನವೇ ಬೆಳಕು ನಿಂತಿತು. ಕೊಳವೆಯ ತುಂಡುಗಳು ಸೇರುವಲ್ಲಿ ಹಾಕುವ ತಾಮ್ರದ ಬಳೆ ಸರಿಯಾಗಿ ಕೂತಿರಲಿಲ್ಲ. ಕೂರಿಸಿದವನು ದೈಫಲ್ಲಾ. ಬಳೆ ಬದಲಿಸಿ, ಕೊಳವೆ ಕಾಯಿಸಿ, ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯುವ ಹೊತ್ತಿಗೆ ಅವಳ ದಿನಗಳು ಮುಗಿದಿದ್ದವು. ನಾಡಿದ್ದು ಅವಳು ಗಡಿಯ ಸೇತುವೆ ದಾಟಿ ಊರಿಗೆ ಹಿಂದಿರುಗಲೇಬೇಕು. ಇನ್ನೊಮ್ಮೆ ಸರದಿ ಸಿಕ್ಕರೂ ದಾಟಲು ಅನುಮತಿ ಸಿಗುತ್ತದೆಂಬ ಭರವಸೆಯಿಲ್ಲ.

"ಬಿಡಿ ಚಿಕ್ಕಪ್ಪ, ಕಾಯೋದು ನಮಗೆ ಅಭ್ಯಾಸ" ಎಂದು ನಿದಾ ದೈಫಲ್ಲಾನಿಗೆ ಹೇಳಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮುಂದಿನ ಸರದಿ ತುರ್ಕಿಯ ತುರ್ಗಾಯ್ ಅವರದು. ಹಳೆಯ ಚರ್ಮದ ಹಾಳೆಗಳ ಶಾಯಿ ಪರೀಕ್ಷಿಸಲು ಬಂದವರು. ಅಂದೇ ಮಧ್ಯಾಹ್ನ ದೈಫಲ್ಲಾ ಒಗೆದ ಅಂಗಿ ತೊಟ್ಟು, ಕೆಂಪು ಚೌಕಳಿಯ ರುಮಾಲು ಹಾಕಿಕೊಂಡು ಅತಿಥಿಗೃಹಕ್ಕೆ ಬಂದು ಅವರ ಎದುರು ಕುಳಿತ. ತುರ್ಗಾಯ್ ನನ್ನ ಕಾಫಿ ನಂಬದೆ ತಾವೇ ಮಾಡಿಕೊಳ್ಳುತ್ತಿದ್ದವರು. ಅವನಿಗೂ ಒಂದು ಮಾಡಿ ಕೊಟ್ಟರು. ಅವನು ಅದನ್ನು ಮುಟ್ಟದೆ ಮುಂದಿಟ್ಟುಕೊಂಡ.

ನಮ್ಮಲ್ಲಿ ಹೆಣ್ಣು ಕೇಳುವುದಿರಲಿ, ಕೊಲೆಯ ಜಗಳ ರಾಜಿಯಾಗುವುದಿರಲಿ, ದೊಡ್ಡದೇನನ್ನಾದರೂ ಬೇಡಲು ಹೋದವನು ಕಾಫಿ ಕುಡಿಯುವುದಿಲ್ಲ. ಏನು ಬೇಕೆಂದು ಮನೆಯವರು ಕೇಳಬೇಕು, ಆಯಿತು ಎಂದ ಮೇಲೆ ಕುಡಿಯಬೇಕು. ತುರ್ಗಾಯ್‌ಗೆ ಇದು ಗೊತ್ತಿಲ್ಲ. ರುಚಿ ಹಿಡಿಸಲಿಲ್ಲವೆಂದು ಸಕ್ಕರೆ ಹಾಕಿ ಇನ್ನೊಂದು ತಂದರು. ಅದೂ ಆರಿತು. ದುಪ್ಪಟ್ಟು ಸಕ್ಕರೆ ಸುರಿದು ಮತ್ತೊಂದು ಮಾಡುತ್ತ, ತಮ್ಮ ತಾಯಿ ಕಲಿಸಿದ ಕಾಫಿಗೆ ಇಷ್ಟು ಅವಮಾನ ಯಾರೂ ಮಾಡಿರಲಿಲ್ಲವೆಂದು ನನ್ನ ಹತ್ತಿರ ಗೊಣಗಿದರು. ಆ ಲೋಟವನ್ನೂ ಇವನು ಮುಟ್ಟಲಿಲ್ಲ. ನಾನು ಬಾಗಿಲಿಂದಲೇ ಹೇಳಿದೆ:

"ಬಾಯಿ ಬಿಟ್ಟು ಹೇಳಪ್ಪ. ನನ್ನ ಸಕ್ಕರೆ ಡಬ್ಬಿ ಖಾಲಿಯಾಗ್ತಿದೆ."

ದೈಫಲ್ಲಾ ತಲೆ ಎತ್ತಲಿಲ್ಲ. "ಕಾಫಿ ಚೆನ್ನಾಗೇ ಇರುತ್ತೆ ಸ್ವಾಮಿ. ನಾನು ಬೇಡೋಕೆ ಬಂದೋನು, ಅದಕ್ಕೆ ಕುಡಿದಿಲ್ಲ. ಆ ಬಳೆ ಕೂರಿಸಿದ್ದು ನಾನು. ನಾಳೆ ಒಂದಿನ ನಿಮ್ಮ ಸರದೀನ ಆ ಹುಡುಗಿಗೆ ಬಿಟ್ಕೊಡಿ."

ಹಾಳೆಗಳನ್ನು ಕೊಟ್ಟ ಗ್ರಂಥಾಲಯ ಗಡುವು ಹಾಕಿದೆ, ತಾವೂ ಹೋದ ವರ್ಷದಿಂದ ಕಾದಿದ್ದೇವೆ ಎಂದರು ತುರ್ಗಾಯ್. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನಾಳೆ ಮಧ್ಯಾಹ್ನದವರೆಗೆ. ಅದಕ್ಕಿಂತ ಜಾಸ್ತಿ ನನ್ನಿಂದ ಆಗಲ್ಲ. ಈಗಲಾದ್ರೂ ಕುಡೀರಿ."

ಜನ್ಮದಲ್ಲಿ ಕಾಫಿಗೆ ಸಕ್ಕರೆ ಹಾಕಿಕೊಳ್ಳದ ದೈಫಲ್ಲಾ ಪಾಕದಂತಿದ್ದ ಅದನ್ನು ಗಸಿಯವರೆಗೂ ಕುಡಿದ.

ಮರುದಿನ ಅರ್ಧದಷ್ಟು ಹಲ್ಲುಗಳಿಗೆ ಬೆಳಕು ಸಿಕ್ಕಿತು. ನಿದಾ ನನ್ನ ಅಡುಗೆಮನೆಯಲ್ಲಿ ಉಳಿದವನ್ನು ಬೇರೆ ಡಬ್ಬಿಗೆ ತುಂಬುವಾಗ ದೈಫಲ್ಲಾ ಬಂದು ನಿಂತ.

"ಸೀಸ ಇತ್ತಾ ಮಗಳೇ?"

"ಇತ್ತು ಚಿಕ್ಕಪ್ಪ. ಮೊಲೆಹಾಲು ಕುಡಿಯೋ ವಯಸ್ಸಿನ ಪದರದಲ್ಲೇ ಇತ್ತು."

ಇನ್ನು ತಂತಿ ಸುಡುವ ಒಲೆಗಳನ್ನು ಮುಚ್ಚಿಸಿ ಎಂದು ಕೇಳಲು ಕೈಯಲ್ಲಿ ಸಾಕ್ಷಿ ಇದೆ ಎಂದಳು. ಹುಡುಕಿದ್ದು ಸಿಕ್ಕಿತ್ತು, ಆದರೆ ಇಬ್ಬರಿಗೂ ಅದನ್ನು ಸಂತೋಷ ಎನ್ನಲು ಬಾಯಿ ಬರಲಿಲ್ಲ. ಮಾರನೇ ದಿನ ಅವಳನ್ನು ಬಸ್ಸಿಗೆ ಹತ್ತಿಸಿ, ಕೊಳವೆಯ ಒತ್ತಡದ ಮುಳ್ಳು ನೋಡಿ ಅವನು ಮತ್ತೆ ಬಂದು ಮಣೆಯ ಮೇಲೆ ಕುಸಿದು ಕೂತ.

"ಒಂದು ಕಾಫಿ ಕೊಡಕ್ಕ. ಸಕ್ಕರೆ ಬೇಡ."

ಕೊಟ್ಟೆ. ಕೆಳಗಿಡದೆ ಕುಡಿದ.