ಕೀ ತಿರುಗಿಸುವ ಮುಂಚಿನ ಕೂಗು

“ಕೆಳಗೆ ಯಾರಿದ್ದೀರಪ್ಪಾ? ಈಚೆ ಬನ್ನಿ!”

ವಿಜಯವಾಡದ ಆಟೋನಗರದಲ್ಲಿ ಕನ್ನಡ ಕೇಳಿ ನಿಂತುಬಿಟ್ಟೆ. ಅಲ್ಲೇ ಒಂದು ಶೆಡ್ಡಿನಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದ ನನ್ನ ಯಜಮಾನರು ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಹೀಗೇ ಕೂಗಿ, ಲಾರಿಯಡಿ ಮಲಗಿ ಕೆಲಸ ಮಾಡುವವರು ಹೊರಬರುವವರೆಗೆ ಕಾಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಸ್ಪ್ಯಾನರ್‌ಗಳನ್ನು ತರಲು ಅಲ್ಲಿಗೆ ಹೋಗಿದ್ದೆ. ಕೂಗಿದವನು ಅವರ ಶೆಡ್ಡಿನವನಲ್ಲ, ಬೇರೆ ಬೀದಿಯ ಅಪರಿಚಿತ ಮೆಕ್ಯಾನಿಕ್.

“ನಿಮಗೆ ಕನ್ನಡ ಬರುತ್ತಾ?” ಎಂದು ತೆಲುಗಿನಲ್ಲಿ ಕೇಳಿದೆ.

“ಇದು ಕನ್ನಡವಾ ಅಮ್ಮಾ?” ಅವನು ತೆಲುಗಿನಲ್ಲೇ ಕೇಳಿ ನಕ್ಕುಬಿಟ್ಟ. “ನಮ್ಮ ಮೇಸ್ತ್ರಿ ಕೂಗ್ತಿದ್ರು, ನಾನೂ ಕೂಗ್ತೀನಿ. ಇದನ್ನ ಕೂಗದೆ ಈ ಬೀದೀಲಿ ಯಾರೂ ಕೀ ತಿರುಗಿಸಲ್ಲ.”

ಅವನ ಮೇಸ್ತ್ರಿ ಅದನ್ನು ಯಾರಿಂದ ಕಲಿತರೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನಮ್ಮವರ ಹೆಸರನ್ನೂ ಅವನು ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಇನ್‌ಫ್ಲುಯೆನ್ಸ್ ಎಂದರೆ ದೊಡ್ಡವರಿಂದ ಒಂದು ಮಾತು ಹೇಳಿಸುವುದು, ಅಷ್ಟೇ. ಮಗಳ ಕಾಲೇಜು ಸೀಟಿಗೆ ಅಲೆಯುವಾಗ ಇವರು, “ನನಗೆಲ್ಲಿದೆ ಇನ್‌ಫ್ಲುಯೆನ್ಸು?” ಎಂದು ಕೈಚೆಲ್ಲಿ ಕೂತಿದ್ದರು. ಅವರ ಹೆಸರೇ ಗೊತ್ತಿಲ್ಲದವರ ಬಾಯಲ್ಲಿ ಅವರ ಕೂಗು ಉಳಿದಿರುವುದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಅಷ್ಟರಲ್ಲಿ ಆ ಕೂಗಿಗೆ ಲಾರಿಯಡಿಯಿಂದ ಒಬ್ಬರು ತೆವಳಿ ಹೊರಬಂದು, ಬೆನ್ನಿನ ಮಣ್ಣು ಕೊಡವಿಕೊಂಡರು. ಆಮೇಲೆಯೇ ಎಂಜಿನ್ ಶುರುವಾಯಿತು.