ಗಡಿಯಾರದವನ ಬುತ್ತಿ

ಟಪ್. ಟಪ್. ಅಂಗಡಿಯ ಕಲ್ಲುಮೆಟ್ಟಿಲಿಗೆ ಚಪ್ಪಲಿ ಬಡಿದು ಧೂಳು ಕೊಡವುವ ಸದ್ದು. ಗೋಡೆಯ ತುಂಬ ಗಡಿಯಾರಗಳಿದ್ದರೂ ಗಡಿಯಾರದವನಿಗೆ ಮಧ್ಯಾಹ್ನವಾಯಿತೆಂದು ತಿಳಿಯುತ್ತಿದ್ದದ್ದು ಆ ಎರಡು ಬಡಿತಗಳಿಂದ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಅವನು ತೆಗೆದಿಡುವಷ್ಟರಲ್ಲಿ ಭಾವ ಒಳಗೆ ಬಂದು, ಗಿರಾಕಿಗಳ ಸ್ಟೂಲು ಎಳೆದುಕೊಂಡು, ಊಟದ ಡಬ್ಬಿಯ ಪಕ್ಕದಲ್ಲೇ ಕೂತಿರುತ್ತಿದ್ದ.

"ಹಸಿವೇನಿಲ್ಲಪ್ಪ. ಒಂದ್ ಸ್ವಲ್ಪ ರುಚಿ ನೋಡ್ತೀನಿ, ಅಷ್ಟೆ."

ಬೀದಿಯವರು ಅವನಿಗಿಟ್ಟ ಹೆಸರೇ ಸ್ವಲ್ಪ ಭಾವ. ಅವನ ಸ್ವಲ್ಪ ಎಂದರೆ ಡಬ್ಬಿಯ ಮೇಲಿನ ಅಂತಸ್ತು ಪೂರ್ತಿ, ಕೆಳಗಿನದರಲ್ಲಿ ಅರ್ಧ. ಮನೆಯಲ್ಲಿ ಹನ್ನೊಂದಕ್ಕೆ ಒಂದು ಊಟ ಮುಗಿಸಿಯೇ ಹೊರಡುತ್ತಿದ್ದ. ಇಲ್ಲಿಂದ ಎದ್ದವನು ಮೂರು ಗಂಟೆಗೆ ಮಗಳ ಮನೆಯಲ್ಲಿ ತಿಂಡಿಗೆ ಹಾಜರು. ಅವನ ಹೊಟ್ಟೆಗೆ ಅಡಿಯೇ ಹಾಕಿಲ್ಲ ದೇವರು ಎಂದು ಎದುರು ಸಾಲಿನ ಕ್ಷೌರದವನು ಕತ್ತರಿ ಆಡಿಸುತ್ತಲೇ ಹೇಳುತ್ತಿದ್ದ.

ಬೇಡ ಎನ್ನಲು ಗಡಿಯಾರದವನಿಗೆ ನಾಲಿಗೆ ಏಳುತ್ತಿರಲಿಲ್ಲ. ತಾಯಿ ಸತ್ತಾಗ ಅವನಿಗೆ ಒಂಬತ್ತು ವರ್ಷ. ಅಕ್ಕ ತನ್ನ ತಟ್ಟೆಯಿಂದ ತೆಗೆದು ಅವನ ಬಾಯಿಗಿಟ್ಟು ಸಾಕಿದವಳು. ಅಂಥ ಅಕ್ಕನ ಗಂಡನಿಗೆ ಒಂದು ಹಿಡಿ ಅನ್ನ ಇಲ್ಲವೆನ್ನುವುದು ಹೇಗೆ? ಹೆಂಡತಿಗೆ ಹೇಳಿಕೊಂಡರೆ ಅವಳು ಡಬ್ಬಿಯನ್ನೇ ದೊಡ್ಡದು ಮಾಡಿದಳು. ಭಾವನ ಸ್ವಲ್ಪವೂ ಅಷ್ಟೇ ದೊಡ್ಡದಾಯಿತು. ಬೇರೆ ಡಬ್ಬಿಯಲ್ಲಿ ಅವನ ಪಾಲು ಬೇರೆಯೇ ಕಟ್ಟಿಕೊಟ್ಟು ನೋಡಿದಳು. ತನ್ನದನ್ನು ಮುಗಿಸಿ, ಬೆರಳು ನೆಕ್ಕಿಕೊಂಡು, "ಎರಡರದ್ದೂ ರುಚಿ ಒಂದೇನಾ ನೋಡೋಣ" ಎಂದು ಭಾವ ಇನ್ನೊಂದಕ್ಕೂ ಕೈ ಹಾಕಿದ.

"ಅಂಗಡಿಗೆ ಬಾಗಿಲಿಲ್ವೇನ್ರೀ? ಮುಚ್ಕೊಂಡು ಉಣ್ಣಿ," ಎಂದಳು ಹೆಂಡತಿ.

"ಬಾಗಿಲು ಮುಚ್ಚಿದ್ರೆ ಗಿರಾಕಿ ಬರ್ತಾನೇನೇ?"

"ಭಾವನೂ ಬರಲ್ಲ."

ಇಷ್ಟು ದಿನ ಇದೊಂದು ನಗೆಯ ಮಾತಾಗಿತ್ತು. ಆದರೆ ಎರಡು ತಿಂಗಳ ಹಿಂದೆ ಗಡಿಯಾರದವನ ಕೈ ನಡುಗತೊಡಗಿತು. ಸಕ್ಕರೆ ಕಾಯಿಲೆಗೆ ಆಗಷ್ಟೇ ಗುಳಿಗೆ ಶುರುವಾಗಿತ್ತು. ಡಾಕ್ಟರಮ್ಮ ಚೀಟಿಯಲ್ಲಿ ಗುಳಿಗೆಯ ಹೆಸರಿನ ಕೆಳಗೆ ಎರಡು ಗೆರೆ ಎಳೆದು ಹೇಳಿದ್ದರು: "ಒಂದು ಗಂಟೆಯೊಳಗೆ ಊಟ ಆಗಿರ್ಬೇಕು. ಹೊಟ್ಟೆ ತುಂಬ. ಗುಳಿಗೆ ನುಂಗಿ ಅರೆಹೊಟ್ಟೇಲಿ ಕೂತ್ರೆ ಕೈ ನಡುಗದೆ ಇನ್ನೇನಾಗುತ್ತೆ? ಹೀಗೇ ಆದ್ರೆ ಈ ಸಣ್ಣ ಕೆಲಸ ಬಿಡ್ಬೇಕಾಗುತ್ತೆ ನೀವು."

ಸಣ್ಣ ಕೆಲಸವೇ ಅವನ ಕೆಲಸ. ಕೈಗಡಿಯಾರದ ಹೊಟ್ಟೆಯೊಳಗೆ ಕೂದಲಿಗಿಂತ ತೆಳುವಾದ ಒಂದು ಸುರುಳಿ ಇರುತ್ತದೆ; ಗಡಿಯಾರದ ಉಸಿರೇ ಅದು. ಅದನ್ನು ಚಿಮಟದಲ್ಲಿ ಎತ್ತುವಾಗ ಅವನು ತನ್ನ ಉಸಿರನ್ನೂ ಹಿಡಿದುಕೊಳ್ಳುತ್ತಿದ್ದ. ಆ ಕೆಲಸಕ್ಕೆ ದೀಪದ ಬೆಳಕು ಅವನಿಗೆ ಒಗ್ಗದು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎದುರುಗಡೆಯ ಬಿಳಿಗೋಡೆಗೆ ಬಿಸಿಲು ಬಿದ್ದು, ಅಲ್ಲಿಂದ ಹಾಲಿನಂಥ ಬೆಳಕು ಅವನ ಮೇಜಿಗೆ ಬಂದು ಕೂರುತ್ತಿತ್ತು. ದಿನದ ಅನ್ನ ಹುಟ್ಟುತ್ತಿದ್ದದ್ದು ಆ ಎರಡು ಗಂಟೆಗಳಲ್ಲೇ. ಈಗ ಬೆಳಕು ಬರುವ ಹೊತ್ತಿಗೆ ಸರಿಯಾಗಿ ಬೆರಳುಗಳು ಗಾಳಿಗೆ ಸಿಕ್ಕ ಎಲೆಗಳಾಗುತ್ತಿದ್ದವು. ಹೋದ ವಾರ ಎಳ್ಳುಕಾಳಿಗಿಂತ ಸಣ್ಣ ತಿರುಪೊಂದು ಚಿಮಟದಿಂದ ಹಾರಿತು. ಸಂಜೆಯವರೆಗೆ ನೆಲದ ಮೇಲೆ ಮಂಡಿಯೂರಿ ಹುಡುಕಿದ. ಸಿಗಲಿಲ್ಲ.

ಭಾವನಿಗೆ ಕೈಗಡಿಯಾರವಿರಲಿಲ್ಲ. "ಗಡಿಯಾರದವನ ಭಾವನಿಗೆ ಗಡಿಯಾರ ಯಾಕೆ?" ಎನ್ನುತ್ತಿದ್ದ. ಮನೆಯಲ್ಲಿ ಉಂಡು ಹೊರಟವನು ಕ್ಷೌರದಂಗಡಿಯಲ್ಲಿ ಕೂತು ಪುಕ್ಕಟೆ ಪೇಪರು ಓದುತ್ತ, ಬೀದಿಯಾಚೆ ಗಡಿಯಾರದವನ ಗಾಜಿನೊಳಗೆ ಕಾಣುವ ದೊಡ್ಡ ಗೋಡೆಗಡಿಯಾರದ ಮೇಲೆ ಕಣ್ಣಿಟ್ಟಿರುತ್ತಿದ್ದ. ಅದು ಒಂದಕ್ಕೆ ಹತ್ತು ನಿಮಿಷ ತೋರಿಸಿತೋ, ಪೇಪರು ಮಡಿಚಿದ. ಅಂಗಡಿಯ ಉಳಿದ ಗಡಿಯಾರಗಳೆಲ್ಲ ರಿಪೇರಿಗೆ ಬಂದಂಥವು. ಒಂದೊಂದೂ ಒಂದೊಂದು ಹೊತ್ತು ಹೇಳುತ್ತಿದ್ದವು. ಸರಿಯಾದ ಹೊತ್ತು ಹೇಳುತ್ತಿದ್ದದ್ದು ಆ ದೊಡ್ಡದೊಂದೇ. ಮೂವತ್ತು ವರ್ಷದಲ್ಲಿ ಅದು ಒಂದು ನಿಮಿಷ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದವನೇ ಗಡಿಯಾರದವನು ಸ್ಟೂಲು ಹತ್ತಿ ಅದರ ಮುಳ್ಳನ್ನು ಇಪ್ಪತ್ತೈದು ನಿಮಿಷ ಹಿಂದಕ್ಕೆ ತಿರುಗಿಸಿದ. ಕದ್ದವನಂತೆ ಬೀದಿಯ ಆಚೀಚೆ ನೋಡಿ ಕೆಳಗಿಳಿದ.

ಅಂದು ಅವನು ಒಬ್ಬನೇ ಕೂತು ಉಂಡ. ಅನ್ನ, ಬೇಯಿಸಿದ ಎರಡು ಮೊಟ್ಟೆ, ಸೊಪ್ಪು, ಬೇರೆ ಕುಡಿಕೆಯಲ್ಲಿ ತಂದ ಮೊಸರು. ಒಂದೊಂದು ತುತ್ತನ್ನೂ ಅಗಿದು ನುಂಗಿದ. ಭಾವ ಬರುವಾಗ ಡಬ್ಬಿ ತೊಳೆದು ಬೋರಲಾಗಿತ್ತು.

"ಇದೇನೋ, ಇವತ್ತು ಇಷ್ಟ್ ಬೇಗ?"

"ಹಸಿವಾಯ್ತು, ಭಾವ."

ಭಾವ ಬೋರಲು ಬಿದ್ದ ಡಬ್ಬಿಯನ್ನು ಹೆಣ ನೋಡಿದಂತೆ ನೋಡಿದ. ಆಮೇಲೆ ಸಂಜೆಗೆಂದು ಇಟ್ಟಿದ್ದ ಬಾಳೆಹಣ್ಣು ಸುಲಿದುಕೊಂಡ. ಹೋಗಲಿ ಎಂದುಕೊಂಡ ಗಡಿಯಾರದವನು. ಎರಡು ಗಂಟೆಗೆ ಬಿಳಿಗೋಡೆಯ ಬೆಳಕು ಬಂತು. ಕೈ ಕಲ್ಲಿನಂತೆ ನಿಂತಿತ್ತು. ಎರಡೇ ದಿನದಲ್ಲಿ, ತಿಂಗಳಿಂದ ಮುಟ್ಟಲು ಹೆದರಿದ್ದ ಮೂರು ಕೈಗಡಿಯಾರಗಳಿಗೆ ಉಸಿರು ಬಂತು.

ಅದರಲ್ಲೊಂದು ಪಕ್ಕದ ಬೀದಿಯ ಶಾಲೆಯಲ್ಲಿ ಗಂಟೆ ಹೊಡೆಯುವವಳದು. ಬುಧವಾರ ಹನ್ನೊಂದೂವರೆಗೆ ಅವಳು ಅವಸರದಲ್ಲಿ ಬಂದು ತೆಗೆದುಕೊಂಡು ಹೋದಳು. ಅವನು ಎಂದಿನಂತೆ ಬಟ್ಟೆಯಲ್ಲಿ ಗಾಜು ಒರೆಸಿ, ಕೀಲಿ ಕೊಟ್ಟು, ತಲೆಯೆತ್ತಿ ಗೋಡೆ ನೋಡಿ, ಹೊತ್ತು ಕೂಡಿಸಿ ಕೊಟ್ಟ. ಮೂವತ್ತು ವರ್ಷದ ಅಭ್ಯಾಸ. ಕೈ ತನ್ನಷ್ಟಕ್ಕೆ ತಾನೇ ಮಾಡಿ ಮುಗಿಸಿತು. ತಲೆಗೆ ಹೊಳೆಯಲೇ ಇಲ್ಲ.

ಅವನು ಊಟದ ಡಬ್ಬಿ ಬಿಚ್ಚಿ ಮುಚ್ಚಳ ಪಕ್ಕಕ್ಕಿಡುತ್ತಿದ್ದಾಗ ಅವಳು ಏದುಸಿರು ಬಿಡುತ್ತ ಮತ್ತೆ ಬಂದಳು. ಮುಖ ಕೆಂಡವಾಗಿತ್ತು.

"ಏನ್ ಗಡಿಯಾರ ಕೊಟ್ರಣ್ಣಾ ನೀವು! ಹನ್ನೆರಡೂ ಕಾಲಿಗೆ ಊಟದ ಗಂಟೆ. ನಾನು ಇದನ್ನ ನೋಡ್ಕೊಂಡು ಹೊಡೆದ್ರೆ ಹನ್ನೆರಡೂ ನಲವತ್ತಂತೆ! ನಾನೂರು ಮಕ್ಕಳು! ಒಂದನೇ ಕ್ಲಾಸಿನವು ಹಸಿವು ತಡೀಲಾರದೆ ಅಳೋದಕ್ಕೆ ಶುರು ಮಾಡಿದ್ವು. ಹೆಡ್‌ಮಾಸ್ಟರು ಎಲ್ಲರೆದುರಿಗೆ ನನ್ನನ್ನ ನಿಲ್ಲಿಸಿ, ನಿದ್ದೆ ಮಾಡ್ತಿದ್ಯಾ ಅಂದ್ರು."

ಅವಳು ಕೈ ಮುಂದೆ ಚಾಚಿದಳು. ಅವಳ ಮಣಿಕಟ್ಟಿನಲ್ಲಿ ಹನ್ನೆರಡೂ ಇಪ್ಪತ್ತೈದು. ಗೋಡೆಯ ಮೇಲೂ ಹನ್ನೆರಡೂ ಇಪ್ಪತ್ತೈದು.

"ನಿನ್ನ ಗಡಿಯಾರದಲ್ಲಿ ತಪ್ಪಿಲ್ಲಮ್ಮ," ಎಂದ. "ನನ್ನದೇ ತಪ್ಪು. ಗೋಡೆಯದು ಹಿಂದಿದೆ. ನಾನೇ ಇಟ್ಟೆ."

"ನೀವೇ? ಯಾಕಣ್ಣಾ?"

ಏನೆಂದು ಹೇಳುವುದು? ನನ್ನ ಅನ್ನ ನಾನು ಉಣ್ಣುವುದಕ್ಕೆ ಎಂದೇ? ಐವತ್ತನಾಲ್ಕು ವರ್ಷದ ಗಂಡಸು. ಒಂದು ತುತ್ತು ನೆಮ್ಮದಿಯಾಗಿ ನುಂಗಲು ನಾನೂರು ಮಕ್ಕಳನ್ನು ಉಪವಾಸ ಕೂರಿಸಿದ್ದ. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ರೇಗಿತು. ಯಾರ ಮೇಲೆಂದು ಗೊತ್ತಾಗದೆ ಇನ್ನಷ್ಟು ರೇಗಿತು.

ಅವಳ ಗಡಿಯಾರವನ್ನು ಸರಿಮಾಡಿ ಕೊಟ್ಟ. "ಹೆಡ್‌ಮಾಸ್ಟರಿಗೆ ನಾನೇ ಬಂದು ಹೇಳ್ತೀನಿ. ನಿನ್ನ ಮೇಲೆ ಮಾತು ಬರೋದಿಲ್ಲ," ಎಂದ. ಅವಳು ನಿಂತೇ ಇದ್ದಳು. "ಮೊದಲು ಅದನ್ನ ಸರಿಮಾಡಿ," ಎಂದು ಗೋಡೆಯತ್ತ ಗಲ್ಲ ಎತ್ತಿದಳು. "ಇಡೀ ಬೀದಿ ಅದನ್ನೇ ನೋಡುತ್ತೆ."

ಅವನು ಸ್ಟೂಲು ಹತ್ತಿ ಮುಳ್ಳನ್ನು ಮುಂದಕ್ಕೆ ತಿರುಗಿಸಿದ. ಹನ್ನೆರಡೂವರೆ. ಮುಕ್ಕಾಲು. ಒಂದಕ್ಕೆ ಹತ್ತು ನಿಮಿಷ.

ಬೀದಿಯಾಚೆ ಪೇಪರು ಮಡಿಚಿಕೊಂಡಿತು.

ಅವನು ಸ್ಟೂಲಿನಿಂದ ಇಳಿಯುವುದಕ್ಕೂ ಭಾವ ಅದೇ ಸ್ಟೂಲಿನ ಮೇಲೆ ಕೂರುವುದಕ್ಕೂ ಸರಿಹೋಯಿತು. "ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ ನೋಡು ಇವತ್ತು," ಎಂದ ಭಾವ. "ಈಗ ತಾನೇ ಇನ್ನೂ ಹನ್ನೆರಡೂ ಇಪ್ಪತ್ತೈದಿತ್ತು." ಡಬ್ಬಿ ತೆರೆದೇ ಇತ್ತು. "ಓ, ಮೊಟ್ಟೆ! ಒಂದ್ ಸ್ವಲ್ಪ..."

"ಭಾವ, ಇವತ್ತು ನಾನು ಉಣ್ಬೇಕು."

"ಉಣ್ಣಪ್ಪ. ಬೇಡ ಅಂದೋರು ಯಾರು?" ಒಂದು ಮೊಟ್ಟೆ ಭಾವನ ದವಡೆಗೆ ಸೇರಿತು.

"ನನಗೆ ಸಕ್ಕರೆ ಕಾಯಿಲೆ. ಹೊಟ್ಟೆ ತುಂಬದಿದ್ರೆ ಕೈ ನಡುಗುತ್ತೆ. ಕೈ ನಡುಗಿದ್ರೆ ನನಗೆ ಕೆಲಸವಿಲ್ಲ."

ಗಂಟೆಯವಳು ಬಾಗಿಲಲ್ಲೇ ನಿಂತು ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಗುತ್ತಿದ್ದದ್ದು ಕಣ್ಣಿನಲ್ಲೇ ಕಂಡಿತು.

"ಅಯ್ಯೋ, ಡಾಕ್ಟರುಗಳು ಹಾಗೇ ಕಣೋ," ಎಂದ ಭಾವ, ಅನ್ನ ಕಲಸುತ್ತ. "ನನಗೂ ಹೇಳಿದ್ರು, ತಿನ್ನೋದು ಕಮ್ಮಿ ಮಾಡಿ ಅಂತ. ಕಮ್ಮಿ ಮಾಡಿದೀನಲ್ಲ ನಾನು? ಸಕ್ಕರೆ ಕಾಯಿಲೆಗೆ ಅನ್ನವೇ ಆಗದು. ನೀನು ಉಂಡ್ರೆ ನಿನಗೇ ಕೆಟ್ಟದ್ದು. ನಾನು ತಿನ್ನೋದು ಒಂದು ರೀತೀಲಿ ನಿನ್ನ ಒಳ್ಳೇದಕ್ಕೇ..."

"ಯಪ್ಪಾ!" ಎಂದಳು ಗಂಟೆಯವಳು. "ಮಕ್ಕಳೇ ವಾಸಿ. ಅವು ಅತ್ತು ಕೇಳ್ತವೆ."

"ನೀನ್ಯಾರಮ್ಮ ಮಧ್ಯೆ? ಸೊಪ್ಪಿಗೆ ಉಪ್ಪು ಒಂಚೂರು ಮುಂದಾಗಿದೆ ಕಣೋ. ನಿನ್ನ ಹೆಂಡ್ತಿಗೆ ಹೇಳು, ಮುಂದಿನ ಸಲ..."

ಗಡಿಯಾರದವನು ಕೈ ಚಾಚಿ ಡಬ್ಬಿಯನ್ನು ತನ್ನತ್ತ ಎಳೆದುಕೊಂಡ. ಭಾವನ ಬೆರಳು ಒಳಗಿದ್ದಂತೆಯೇ ಮುಚ್ಚಳ ಹಾಕಲು ಹೋದ. ಭಾವ ಬೆರಳು ತೆಗೆದ. ಮುಚ್ಚಳ ಕೂತಿತು.

"ಮುಂದಿನ ಸಲ ಒಗ್ಗರಣೆ ಕೊನೇಲಿ ಹಾಕ್ಲಿ. ನಾನು ನಿನ್ನಕ್ಕನಿಗೂ ಅದನ್ನೇ ಹೇಳೋದು. ಏ, ಎಲ್ಲಿಗೋ? ಮಾತಾಡ್ತಾ ಇದೀನಲ್ಲ..."

ಅವನು ಡಬ್ಬಿಯನ್ನು ಎದೆಗವಚಿಕೊಂಡು ಗಂಟೆಯವಳನ್ನು ದಾಟಿ ಮೆಟ್ಟಿಲಿಳಿದ. ಅಂಗಡಿಯ ಬಾಗಿಲು ಹಾರುಹೊಡೆದಿತ್ತು. ಮೇಜಿನ ಮೇಲೆ ಯಾರದೋ ಕೈಗಡಿಯಾರ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ತಿರುಗಿ ನೋಡಲಿಲ್ಲ. ಶಾಲೆಯ ಕಡೆಯ ತಿರುವಿನತ್ತ ದಾಪುಗಾಲು ಹಾಕಿದ.

"ಲೋ, ನಿಲ್ಲೋ!" ಬೆನ್ನ ಹಿಂದೆ ಭಾವನ ದನಿ ಬೀದಿಗೆಲ್ಲ ಕೇಳುತ್ತಿತ್ತು. "ಹೋಗೋದಾದ್ರೆ ಹೋಗು. ಮೊಸರು ಎಲ್ಲಿಟ್ಟಿದೀಯ, ಅದನ್ನಾದ್ರೂ ಹೇಳಿ ಹೋಗು!"