ಗದ್ವಾಲದ ನೌಕರಿ

ನನಗೀಗ ಎರಡು ಊರು, ಎರಡು ಕಾಲೇಜು, ಎರಡು ಫುಟ್‌ಬಾಲ್ ತಂಡ. ಮೊಣಕಾಲು ಮಾತ್ರ ಮೊದಲಿನವೇ ಎರಡು, ಅವೂ ಸವೆದಿವೆ. ಸೋಮವಾರದಿಂದ ಬುಧವಾರದವರೆಗೆ ದೇವದುರ್ಗ, ಗುರುವಾರದಿಂದ ಶನಿವಾರದವರೆಗೆ ಮಾನ್ವಿ. ಮನೆ ದೇವದುರ್ಗದಲ್ಲೇ ಇರುವುದರಿಂದ ಮೊದಲ ಮೂರು ದಿನ ಹೇಗೋ ಸಾಗುತ್ತದೆ. ಗುರುವಾರ ಬಂತೆಂದರೆ ಬೆಳಿಗ್ಗೆ ಬಸ್ಸು ಹಿಡಿದು, ಸಿರವಾರದಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಮಾನ್ವಿ ಮುಟ್ಟುವಷ್ಟರಲ್ಲಿ ಹೈರಾಣಾಗಿರುತ್ತೇನೆ. ಆಮೇಲೆ ಹುಡುಗರ ಮುಂದೆ ನಿಂತು ‘ಓಡ್ರಲೇ’ ಅನ್ನಬೇಕು. ಅನ್ನುವಾಗ ನನಗೇ ನಗು ಬರುತ್ತದೆ.

ಸಿರವಾರದ ಹತ್ತಿರ ರಸ್ತೆಯ ಬಲಗಡೆ ಒಂದು ಅಕ್ಕಿ ಮಿಲ್ಲು ಇದೆ. ಹೋಗುವಾಗ ನಾನು ಯಾವಾಗಲೂ ಎಡಗಡೆಯ ಸೀಟು ಹುಡುಕುತ್ತೇನೆ, ಬಿಸಿಲು ಆ ಕಡೆಗೇ ಬೀಳುತ್ತಿದ್ದರೂ. ಯಾಕೆ ಅನ್ನುವುದನ್ನು ಇವತ್ತು ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ಎರಡು ವರ್ಷದ ಹಿಂದಿನವರೆಗೆ ಈ ಆಟದ ಮಾಸ್ತರ ಕೆಲಸಕ್ಕೆ ನಾವು ಇಬ್ಬರಿದ್ದೆವು. ದೇವದುರ್ಗದ ಕಾಲೇಜಿಗೆ ನಾನು, ಮಾನ್ವಿಯ ಕಾಲೇಜಿಗೆ ನನ್ನ ಗೆಳೆಯ. ಎರಡೂ ಕಾಲೇಜು ಒಂದೇ ಮ್ಯಾನೇಜ್‌ಮೆಂಟಿನವು, ಅದರ ಆಫೀಸು ರಾಯಚೂರಿನಲ್ಲಿ. ಅಲ್ಲಿಯ ಹಿರಿಯರಿಗೆ ಫುಟ್‌ಬಾಲ್ ಹುಚ್ಚು. ಸುತ್ತಮುತ್ತ ಎಲ್ಲರೂ ಕಬಡ್ಡಿ, ಖೋಖೋ ಅಂತಿದ್ದರೆ ಇವರು ವರ್ಷಕ್ಕೊಮ್ಮೆ ಎರಡೂ ಕಾಲೇಜಿನ ಹುಡುಗರನ್ನು ರಾಯಚೂರಿನ ಮೈದಾನಕ್ಕೆ ಕರೆಸಿ ಮ್ಯಾಚ್ ಆಡಿಸುತ್ತಿದ್ದರು. ಹುಚ್ಚೇನೋ ಸರಿ, ಆದರೆ ಕೊಡಿಸಿದ್ದು ಹನ್ನೆರಡು ಜೊತೆ ಬೂಟು, ಎರಡೂ ಕಾಲೇಜಿಗೆ ಸೇರಿ. ಯಾರಿಗೆ ಹೊರಗಿನ ಮ್ಯಾಚ್ ಇದೆಯೋ ಅವರ ಕಡೆ ಬೂಟು ಗೊಬ್ಬರದ ಚೀಲದಲ್ಲಿ ಬಸ್ಸು ಹತ್ತಿ ಬರುತ್ತಿದ್ದವು. ನಾವು ನಾವೇ ಎದುರಾಬದುರಾ ನಿಂತಾಗ ಏನು ಮಾಡುವುದು? ಒಂದು ಕಡೆಯವರು ಹಾಕಿಕೊಂಡು ಇನ್ನೊಂದು ಕಡೆಯವರ ಕಾಲು ತುಳಿಯಬೇಕೇ? ಹಾಗಾಗಿ ಚೀಲದ ಬಾಯಿ ಬಿಚ್ಚದೆ ಎರಡೂ ತಂಡ ಬರಿಗಾಲಲ್ಲಿ ಆಡುವುದು ಅಂತ ನಾವೇ ಗೊತ್ತುಮಾಡಿಕೊಂಡಿದ್ದೆವು.

ಬರಿಗಾಲು ಅಂದ ಮೇಲೆ ನೆಗ್ಗಿಲ ಮುಳ್ಳಿನ ಕಾಟ. ಆ ಮೈದಾನದಲ್ಲಿ ಹುಲ್ಲು ಬೆಳೆಯದಿದ್ದರೂ ನೆಗ್ಗಿಲು ಬೆಳೆಯುತ್ತದೆ. ಮ್ಯಾಚಿನ ದಿನ ಬೆಳಗಾಗುತ್ತಲೇ ನಾವಿಬ್ಬರೂ ಬಂದು, ಅವನು ಒಂದು ಗೋಲಿನಿಂದ, ನಾನು ಇನ್ನೊಂದು ಗೋಲಿನಿಂದ, ಬಗ್ಗಿ ಮುಳ್ಳು ಆರಿಸಿ ಕಾಗದಕ್ಕೆ ಹಾಕುತ್ತ ನಡುಗೆರೆಗೆ ಬಂದು ಸೇರುತ್ತಿದ್ದೆವು. ಹುಡುಗರಿಗೆ ಹಚ್ಚಬಹುದಿತ್ತು. ಆದರೆ ಅವನು ಕೇಳುತ್ತಿರಲಿಲ್ಲ. ‘ಆಡೋರು ಬಗ್ಗಬಾರ್ದು, ಆಡ್ಸೋರು ಬಗ್ಗಬೇಕು’ ಅಂತ ಅವನ ವಾದ. ನಡುಗೆರೆಯಲ್ಲಿ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಯಾರ ಕಾಗದದಲ್ಲಿ ಮುಳ್ಳು ಜಾಸ್ತಿ ಅಂತ ನೋಡುತ್ತಿದ್ದೆವು. ಆಮೇಲೆ ಮ್ಯಾಚ್ ಶುರುವಾದರೆ ಇಬ್ಬರೂ ಗೆರೆಯಾಚೆ ಈಚೆ ನಿಂತು ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದೆವು. ಅವನು ನನ್ನನ್ನು ‘ದುರ್ಗ’ ಅನ್ನುತ್ತಿದ್ದ, ನಾನು ಅವನನ್ನು ‘ಮಾನ್ವಿ’. ಹತ್ತು ಹನ್ನೊಂದು ವರ್ಷ ಹೀಗೇ ನಡೆಯಿತು.

ನಮ್ಮಿಬ್ಬರದೂ ಕಾಯಂ ನೌಕರಿಯಲ್ಲ. ಏಪ್ರಿಲ್ ಮುಗಿದರೆ ಕೈ ಖಾಲಿ. ಜುಲೈಯಲ್ಲಿ ಆಫೀಸಿನಿಂದ ಹೊಸ ಆರ್ಡರು ಕೊಟ್ಟರೆ ಮತ್ತೆ ಮಾಸ್ತರು, ಕೊಡದಿದ್ದರೆ ಇಲ್ಲ. ನಡುವಿನ ಬಿಸಿಲುಕಾಲದಲ್ಲಿ ಏನಾದರೂ ಸುದ್ದಿ ಸಿಗಬಹುದೆಂದು ರಾಯಚೂರಿಗೆ ಹೋಗಿ, ಆಫೀಸಿನಲ್ಲಿ ಮುಖ ತೋರಿಸಿ, ಮೈದಾನದ ಪಕ್ಕದ ಚಹಾದಂಗಡಿಯಲ್ಲಿ ಕೂಡುತ್ತಿದ್ದೆವು. ಒಗ್ಗರಣಿ ಮಂಡಾಳು, ಮಿರ್ಚಿ, ಚಹಾ, ಮತ್ತು ಅಲ್ಲಿಯ ಕಾಯಂ ಆಟ. ಆ ಆಟವೆಂದರೆ ಮುಂದಿನ ವರ್ಷ ಯಾರು ಏನಾಗುತ್ತಾರೆ ಎಂದು ಹೇಳುವುದು. ಶುರು ಮಾಡುತ್ತಿದ್ದವರು ಒಬ್ಬ ಮುದಿ ರೆಫರಿ. ಸೀಟಿ ಊದುವುದನ್ನು ಬಿಟ್ಟು ವರ್ಷಗಳಾಗಿದ್ದರೂ ತೀರ್ಪು ಕೊಡುವ ಚಟ ಬಿಟ್ಟಿರಲಿಲ್ಲ.

‘ದುರ್ಗದ ಮಾಸ್ತರ ಬಸ್‌ಸ್ಟ್ಯಾಂಡಿನ್ಯಾಗ ಸೀಟಿ ಹೊಡ್ಕೊಂತ ಬಸ್ಸು ಹಿಂದಕ್ಕ ತಗಸ್ತಾನ ನೋಡ್ರಿ’ ಎಂದು ಅವರು.

‘ಮಾನ್ವಿ ಮಾಸ್ತರ?’ ಎಂದು ಅಂಗಡಿಯವನು.

‘ಅವ್ನು ಸಿರವಾರದ ಮಿಲ್ಲಿನ್ಯಾಗ ಕಾಟಾ ಮುಂದ ಕುಂತು ಲಾರಿ ತೂಕ ಬರೀತಾನ.’

ಎಲ್ಲರೂ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ನಗದೆ ಏನು ಮಾಡುವುದು, ಮುಖ ಸಣ್ಣದು ಮಾಡಿಕೊಂಡರೆ ಇನ್ನಷ್ಟು ಕಾಡುತ್ತಿದ್ದರು.

ಆ ವರ್ಷ ಮಾತ್ರ ನಗು ಬರಲಿಲ್ಲ. ಎರಡು ಕಾಲೇಜಿಗೆ ಒಬ್ಬನೇ ಮಾಸ್ತರ ಸಾಕು ಅಂತ ಆಫೀಸಿನಲ್ಲಿ ಮಾತು ಎದ್ದಿದೆ ಎಂದು ಸುದ್ದಿ ಬಂತು. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ? ಮ್ಯಾಚ್ ಗೆದ್ದವನೇ ಉಳಿಯುತ್ತಾನೆ ಅಂತ ಚಹಾದಂಗಡಿ ಹೇಳಿತು. ಫೆಬ್ರುವರಿಯ ಮ್ಯಾಚಿನಲ್ಲಿ ಅವನ ಹುಡುಗರೇ ಗೆದ್ದರು, ಎರಡು ಗೋಲಿಗೆ ಒಂದು. ನಮ್ಮ ಗೋಲ್‌ಕೀಪರ್ ಕಾಲಿಗೆ ಹೊಕ್ಕ ಮುಳ್ಳು ಕೀಳುತ್ತ ಕೂತಾಗ ಎರಡನೆಯದು ಹೋಯಿತು. ಆ ಮುಳ್ಳು ನಾನು ಆರಿಸಬೇಕಾಗಿದ್ದ ಅರ್ಧದಲ್ಲಿ ಇತ್ತು. ಸಿಟ್ಟು ಯಾರ ಮೇಲೆ ಮಾಡಲಿ?

ಅವತ್ತು ಸಂಜೆ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೂ ನಮ್ಮ ನಮ್ಮ ಊರಿನ ಬಸ್ಸಿಗೆ ಕಾಯುತ್ತ ಕೂತಿದ್ದೆವು. ಗೆದ್ದವನ ಮುಖ ನನ್ನದಕ್ಕಿಂತ ಬಾಡಿತ್ತು.

‘ದುರ್ಗ, ಒಂದು ಮಾತು ಹೇಳ್ತೀನಿ, ಯಾರ ಮುಂದೂ ಅನ್ನಬ್ಯಾಡ’ ಅಂದ. ‘ಹೋದ ವಾರ ಗಡಿ ದಾಟಿ ಗದ್ವಾಲಕ್ಕ ಹೋಗಿದ್ದೆ, ರೈಲಿನ್ಯಾಗ. ಅಲ್ಲೊಂದು ಸಾಲಿಯೊಳಗ ಆಟದ ಮಾಸ್ತರ ಬೇಕಂತ ಗೊತ್ತಾತು.’

‘ಮತ್ತ? ಏನಂದ್ರು?’

‘ವಯಸ್ಸು ಕೇಳಿದ್ರು. ಹೇಳಿದೆ. ನೀರು ಕುಡಿಸಿ ಕಳ್ಸಿದ್ರು.’ ಬಸ್ಸು ಬರುವ ಕಡೆ ನೋಡುತ್ತ, ‘ಮನ್ಯಾಗೂ ಹೇಳಿಲ್ಲಪಾ. ನಿನಗೊಬ್ಬನಿಗೇ ಹೇಳಾಕತ್ತೀನಿ’ ಅಂದ.

ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ‘ಬಿಡೋ, ಗೆದ್ದೀಯಲ್ಲ, ನಿನ್ನ ನೌಕ್ರಿ ಎಲ್ಲಿಗೂ ಹೋಗಂಗಿಲ್ಲ’ ಅಂದೆ. ಅನ್ನುವಾಗ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಮೇ ತಿಂಗಳಲ್ಲಿ ನಾನು ಒಬ್ಬನೇ ರಾಯಚೂರಿಗೆ ಹೋಗಿದ್ದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಆಫೀಸಿನಲ್ಲಿ ಯಾರೂ ಸರಿಯಾಗಿ ಮಾತಾಡಿಸಲಿಲ್ಲ. ಚಹಾದಂಗಡಿಗೆ ಬಂದರೆ ರೆಫರಿ ಆಗಲೇ ಆಟ ಹೂಡಿದ್ದರು. ಮಾನ್ವಿ ಅಲ್ಲಿಲ್ಲ ಎಂದು ನಾಲಿಗೆ ಇನ್ನೂ ಉದ್ದವಾಗಿತ್ತು.

‘ಅವಂದು ಮುಗೀತು ಬಿಡ್ರಿ. ಗೆದ್ರೂ ಅಷ್ಟ, ಸೋತ್ರೂ ಅಷ್ಟ. ಮಿಲ್ಲಿನ ಕಾಟಾನ ಗತಿ. ತೂಕ ಬರಿಯಾಕರ ಬರ್ತದೋ ಇಲ್ಲೋ.’

ನನಗೆ ರೇಗಿತು. ಗೆಳೆಯನನ್ನು ಬೆನ್ನ ಹಿಂದೆ ಆಡಿಕೊಂಡದ್ದಕ್ಕೆ ರೇಗಿತೋ, ಬಿಸಿಲಿಗೋ, ನನ್ನ ಇಡೀ ದಿನ ಹಾಳಾದದ್ದಕ್ಕೋ ಗೊತ್ತಿಲ್ಲ. ‘ಯಾಕ್ರೀ ಖಾಲಿಪೀಲಿ ಮಾತಾಡ್ತೀರಿ? ಅವನಿಗೆ ಗದ್ವಾಲದಾಗ ನೌಕ್ರಿ ಪಕ್ಕಾ ಆಗ್ಯಾದ. ದೊಡ್ಡ ಸಾಲಿ. ನಿಮ್ಮ ಕಾಟಾ ನೀವಾ ಇಟ್ಕೋರಿ’ ಅಂದೆ. ರೆಫರಿಯ ಬಾಯಿ ಮುಚ್ಚಿಸಿದ ಖುಷಿಗೆ ಇನ್ನೊಂದು ಚಹಾ ಹೇಳಿದೆ. ಮೂಲೆಯ ಬೆಂಚಿನಲ್ಲಿ ಮ್ಯಾನೇಜ್‌ಮೆಂಟಿನ ಸೆಕ್ರೆಟರಿಯ ಕಾರಿನ ಡ್ರೈವರ್ ಕೂತು ಮಿರ್ಚಿ ತಿನ್ನುತ್ತಿದ್ದ. ಅವನು ದಿನಾ ಅಲ್ಲೇ ತಿನ್ನುತ್ತಿದ್ದ, ಅದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಜುಲೈಯಲ್ಲಿ ಸೆಕ್ರೆಟರಿ ನನ್ನೊಬ್ಬನನ್ನೇ ಕರೆಸಿದರು. ಮೇಜಿನ ಮೇಲೆ ಒಂದೇ ಆರ್ಡರು. ಎರಡೂ ಕಾಲೇಜಿನ ಹೆಸರು ಅದರಲ್ಲೇ ಇತ್ತು.

‘ನಮಗೂ ಇಬ್ಬರೊಳಗ ಯಾರನ್ನ ಬಿಡೋದಂತ ತಲಿನೋವಾಗಿತ್ತು ನೋಡ್ರಿ’ ಅಂದರು. ‘ಮಾನ್ವಿಯವರು ಚೊಲೋ ಆಡಿಸ್ಯಾರ, ಅವರನ್ನ ಇಟ್ಕೋಬೇಕಂತ ಮಾಡಿದ್ವಿ. ಆದ್ರ ಅವ್ರಿಗೆ ಗದ್ವಾಲದಾಗ ಸಿಕ್ಕದಂತಲ್ಲ. ಒಳ್ಳೇದಾತು ಬಿಡ್ರಿ. ಖರೇ ಅಲ್ರೀ?’

ಪೆನ್ನು ನನ್ನ ಕೈಯಲ್ಲಿತ್ತು. ‘ಇಲ್ರೀ, ಅದು ನಾ ಆಡಿದ ಮಾತು, ಸುಳ್ಳು’ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅಂದರೆ ಆರ್ಡರು ಮೇಜಿನ ಆ ಕಡೆಗೆ ಸರಿಯುತ್ತಿತ್ತು. ಮಗಳ ಕಾಲೇಜು, ಹೆಂಡತಿಯ ಮುಖ, ಬಸ್‌ಸ್ಟ್ಯಾಂಡಿನ ಸೀಟಿ ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು.

‘ಹೌದ್ರೀ’ ಅಂದೆ. ಸಹಿ ಮಾಡಿದೆ.

ಅವನ ಫೋನು ಬಂದದ್ದು ಅದರ ಮರುದಿನ. ‘ದುರ್ಗ, ನನ್ನ ಹೆಸರಿಲ್ಲಂತ. ಯಾರೋ ಗದ್ವಾಲ ಅಂತ ಹೇಳ್ಯಾರ. ಯಾರಂತ ಸ್ವಲ್ಪ ವಿಚಾರ್ಸೋ’ ಅಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ವಿಚಾರಿಸುತ್ತೇನೆ ಅಂದೆ. ಹದಿನೈದು ದಿನ ಬಿಟ್ಟು ಮತ್ತೆ ಮಾಡಿದ. ‘ಏನಾರ ಗೊತ್ತಾತೇನು?’ ‘ಇಲ್ಲೋ, ಕೇಳಾಕತ್ತೀನಿ.’ ಗಣೇಶನ ಹಬ್ಬ ಮುಗಿದ ಮೇಲೆ ಇನ್ನೊಮ್ಮೆ ಮಾಡಿದ. ಅವತ್ತು ಏನೂ ಕೇಳದೆ, ಹುಡುಗರು ಹೇಗಿದ್ದಾರೆ, ಗೋಲಿಗೆ ನಿಲ್ಲುವ ಹುಡುಗನಿಗೆ ಎಡಗಾಲು ಬರುವುದಿಲ್ಲ, ಅವನ ಕಡೆ ನಿಗಾ ಇಡು ಅಂತ ಅಷ್ಟೇ ಮಾತಾಡಿ ಇಟ್ಟುಬಿಟ್ಟ. ಆಮೇಲೆ ಫೋನು ಬರಲಿಲ್ಲ. ಬರಲಿಲ್ಲವಲ್ಲ ಅಂತ ನನಗೆ ಸಮಾಧಾನವೇ ಆಯಿತು. ಎಂಥಾ ಹೊಲಸು ಸಮಾಧಾನ ಅದು.

ಅವನು ಸಿರವಾರದ ಮಿಲ್ಲಿಗೆ ಸೇರಿದ್ದಾನೆ, ಕಾಟಾ ಮುಂದೆ ಕೂಡುತ್ತಾನೆ ಅಂತ ಚಹಾದಂಗಡಿಯಲ್ಲೇ ಕೇಳಿದೆ. ರೆಫರಿ ತಮ್ಮ ಮಾತು ನಿಜವಾಯಿತೆಂದು ಹಿಗ್ಗಲಿಲ್ಲ. ‘ಸುಮ್ನ ಮಜಾಕಿಗೆ ಅಂದಿದ್ದೆಪಾ’ ಅಂದು ತಲೆ ತಗ್ಗಿಸಿದರು. ಅವತ್ತಿನಿಂದ ಅಲ್ಲಿ ಆ ಆಟ ನಿಂತಿದೆ. ಮರುವರ್ಷದ ಮ್ಯಾಚೂ ಹಿರಿಯರಿಗೆ ಮೈಯಲ್ಲಿ ಹುಷಾರಿಲ್ಲವೆಂದು ನಡೆಯಲಿಲ್ಲ. ಒಂದು ಲೆಕ್ಕಕ್ಕೆ ನಾನು ಬಚಾವಾದೆ.

ಈ ವರ್ಷ ನಡೆಯಿತು. ಎರಡೂ ತಂಡಕ್ಕೆ ನಾನೇ ಮಾಸ್ತರ, ಎರಡೂ ಕಡೆ ಹುಡುಗರು ನನ್ನನ್ನೇ ನೋಡುತ್ತಾರೆ. ಯಾರು ಗೆದ್ದರೂ ನಾನೇ ಗೆದ್ದಂತೆ, ಯಾರು ಸೋತರೂ ನಾನೇ. ಬೂಟು ಇನ್ನೂ ಅವೇ ಹನ್ನೆರಡು ಜೊತೆ, ಹಾಗಾಗಿ ಬರಿಗಾಲೂ ತಪ್ಪಲಿಲ್ಲ. ಮ್ಯಾಚಿನ ದಿನ ಬೆಳಕು ಹರಿಯುತ್ತಲೇ ನಾನು ಕಾಗದ ಹಿಡಿದುಕೊಂಡು ಒಬ್ಬನೇ ಮೈದಾನಕ್ಕೆ ಹೋದೆ. ಗೋಲಿನಿಂದ ಶುರು ಮಾಡಿದೆ. ಹತ್ತು ಹೆಜ್ಜೆಗೆ ಸೊಂಟ ಹಿಡಿಯಿತು. ಇಡೀ ಮೈದಾನ ಒಬ್ಬನೇ ಆರಿಸಬೇಕಲ್ಲ ಅಂತ ನೆಟ್ಟಗಾಗಿ ಆ ಕಡೆ ನೋಡಿದರೆ, ಎದುರಿನ ಗೋಲಿನ ಮುಂದೆ ಒಬ್ಬರು ಬಗ್ಗಿದ್ದರು. ಬಗ್ಗುವ ರೀತಿಯಿಂದಲೇ ಗೊತ್ತಾಯಿತು.

ಓಡಿಹೋಗಬೇಕೆನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲಿಗೆ ಓಡಲಿ? ತಲೆ ತಗ್ಗಿಸಿ ಮುಳ್ಳು ಆರಿಸುತ್ತಲೇ ಮುಂದೆ ಸರಿದೆ. ಅವನೂ ಸರಿದ. ಅವನು ನಡುಗೆರೆ ಮುಟ್ಟಿದಾಗ ನಾನಿನ್ನೂ ಅರ್ಧ ದಾರಿಯಲ್ಲಿದ್ದೆ. ಅವನು ಗೆರೆ ದಾಟಲಿಲ್ಲ, ಅಲ್ಲೇ ಕೂತು ಕಾದ. ಅಂಗಿಯ ಹೆಗಲ ಮೇಲೆ ಅಕ್ಕಿ ತೌಡಿನ ಧೂಳು ಇತ್ತು. ರಾತ್ರಿಯ ಲಾರಿ ತೂಗಿ ಮಿಲ್ಲಿನಿಂದ ಸೀದಾ ಬಂದಿದ್ದ.

ಆರಿಸುವುದನ್ನು ಅಲ್ಲಿಗೇ ಬಿಟ್ಟು ಹತ್ತಿರ ಬಂದು ನಿಂತೆ. ಈಗಲೂ ಹೇಳದಿದ್ದರೆ ನಾನು ಮನುಷ್ಯನೇ ಅಲ್ಲ ಅನ್ನಿಸಿತು.

‘ಗದ್ವಾಲ ಅಂತ ಹೇಳಿದ್ದು ನಾನಾ’ ಅಂದೆ.

‘ಗೊತ್ತದ’ ಅಂದ.

‘ಯಾವಾಗಿಂದ?’

‘ಮೊದಲನೇ ದಿನದಿಂದ. ನಾ ಗದ್ವಾಲಕ್ಕ ಹೋಗಿದ್ದು ನಿನ್ನ ಬಿಟ್ರ ಯಾರಿಗೆ ಗೊತ್ತಿತ್ತಲೇ?’

ಅಷ್ಟು ಸರಳವಾದದ್ದು ಎರಡು ವರ್ಷ ನನಗೆ ಹೊಳೆದೇ ಇರಲಿಲ್ಲ. ‘ಮತ್ತ ಯಾರಂತ ವಿಚಾರ್ಸು ಅಂತ ಎರಡು ಸಲ ಫೋನ್ ಯಾಕ ಮಾಡಿದಿ?’ ಅಂದೆ.

ಅವನು ತನ್ನ ಕಾಗದದ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡ. ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡ.

‘ನೌಕ್ರಿ ಹೋಗಿತ್ತು. ಗೆಳೆಯನರ ಉಳಿತಾನ ಅಂತ ಮಾಡಿದ್ದೆ’ ಅಂದ. ‘ನೀ ಒಂದು ಸಲ ಹೇಳಿದ್ರ ಸಾಕಾಗಿತ್ತು.’

ಮಿಲ್ಲಿಗೆ ಲಾರಿ ಬರುವ ಹೊತ್ತಾಯಿತೆಂದು ಗಾಡಿ ಹತ್ತಿದ. ಅವನ ಕಡೆಯ ಅರ್ಧದಲ್ಲಿ ಒಂದು ಮುಳ್ಳೂ ಉಳಿದಿರಲಿಲ್ಲ. ನನ್ನ ಕಡೆ ಇನ್ನೂ ಇದ್ದವು. ಹುಡುಗರು ಬರುವುದರೊಳಗೆ ಮುಗಿಸಬೇಕೆಂದು ಮತ್ತೆ ಬಗ್ಗಿದೆ.